ಹಲಸಿಗೆ ಜಾಕ್ ಎಂಬ ಹೆಸರು
ಎಪ್ಪತ್ತರ ದಶಕದ ಕೊನೆಗೆ ಕುಕ್ಕುಂದೂರಿಗೆ ಹೆಣ್ಣು ನೋಡಲು ಹೋದಾಗ ಮಾತು ಹೀಗೆಯೇ ನಡೆಯಿತೇ, ಅಥವಾ ನಾವಿಬ್ಬರೂ ಹೇಳಿ ಹೇಳಿ ಹೀಗಾಯಿತೇ, ಗೊತ್ತಿಲ್ಲ. ಹುಡುಗಿ ನನ್ನನ್ನು ಒಪ್ಪುತ್ತಾಳೋ ಇಲ್ಲವೋ ಎಂಬ ಆತಂಕವಿದ್ದದ್ದಂತೂ ನಿಜ. ತಟ್ಟೆಯಲ್ಲಿ ಹಲಸಿನ ಸೊಳೆಗಳಿದ್ದವು. ಜಾಕ್ ಎಂಬ ಇಂಗ್ಲಿಷ್ ಸಾಹೇಬನಿಂದ ಇದಕ್ಕೆ ಜಾಕ್‌ಫ್ರೂಟ್ ಎಂಬ ಹೆಸರು ಬಂತೆಂದು ನಾನು ಜಂಭದಿಂದ ಹೇಳಿದೆ.

"ಸಾಹೇಬ ಎಂತದಕ್ಕೆ? ಮಲಯಾಳದ ಚಕ್ಕ ಪೋರ್ಚುಗೀಸರ ಬಾಯಲ್ಲಿ ಜಾಕ ಆದದ್ದು," ಎಂದಳು ಹುಡುಗಿ.

"ನಂಬುವುದು ಹೇಗೆ?"

"ನಿಘಂಟು ನೋಡಿ. ಸೋತವರು ಮದುವೆಯಾದ ಮೇಲೆ ಕೈಗೆ ಎಣ್ಣೆ ಹಚ್ಚಿಕೊಂಡು ಹಲಸು ಬಿಡಿಸುವುದು. ಆಗಬಹುದಲ್ವಾ?"

ಅವಳ ಅಪ್ಪ ನಕ್ಕುಬಿಟ್ಟರು. ಅವಳ ಆ ಮಾತೇ ಒಪ್ಪಿಗೆಯೆಂದು ನನಗೆ ವಾಪಸು ಬರುವಾಗ ಬಸ್ಸಿನಲ್ಲಿ ಹೊಳೆಯಿತು.

ಇಂದಿಗೂ ಮನೆಯಲ್ಲಿ ಹಲಸು ಬಿಡಿಸುವವನು ನಾನೇ. ಮಣಿಪಾಲದ ಗ್ರಂಥಾಲಯದಲ್ಲಿ ನಿಘಂಟು ತೆರೆದು ನೋಡಿದ್ದೆ: ಚಕ್ಕದಿಂದ ಜಾಕ, ಜಾಕದಿಂದ ಜಾಕ್.