ಮಿಸೋ ತೊಳೆದ ಶುಕ್ರವಾರ

ತೊಳೆಯಬಾರದ್ದನ್ನು ತೊಳೆದು ಮರ್ಯಾದೆ ಕಳೆದುಕೊಂಡವನನ್ನು ನೀವು ನೋಡಿದ್ದೀರಾ? ಇಲ್ಲವಾದರೆ ಸೌದಿಯ ಜಿಜಾನಿಗೆ ಬನ್ನಿ. ಬಂದರಿನ ಕ್ಯಾಂಪಿನಲ್ಲಿ ನನ್ನ ಹೆಸರು ಹೇಳಿದರೆ ಸಾಕು, ಯಾರು ಬೇಕಾದರೂ ನಗುತ್ತಾ ರೂಮು ತೋರಿಸುತ್ತಾರೆ.

ಪಕ್ಕದ ಕ್ಯಾಬಿನ್ನಿನಲ್ಲಿ ಮೊರಿ ಎಂಬ ಜಪಾನಿ ಇಂಜಿನಿಯರ್ ಇದ್ದಾನೆ. ಪ್ರತಿ ಶುಕ್ರವಾರ ರಜೆ, ಅವನಿಗೆ ನಮ್ಮಲ್ಲೇ ಊಟ. ನನ್ನ ಮೀನು ಸಾರಿನ ಖಾರಕ್ಕೆ ಕಣ್ಣು ಮೂಗು ಒರೆಸಿಕೊಳ್ಳುತ್ತಾನೆ, ಆದರೆ ಇನ್ನಷ್ಟು ಬಡಿಸಿದರೆ ಬೇಡ ಎನ್ನುವುದಿಲ್ಲ.

ಕಳೆದ ವಾರ ಅವನೇ ಹೇಳಿದ, ಈ ಸಲ ಅಡುಗೆ ನನ್ನದು ಎಂದು. ಅವನ ಅಮ್ಮ ಮನೆಯಲ್ಲೇ ಮಾಡಿದ ಮಿಸೋ ಕಳಿಸಿದ್ದರು. ಬೇಯಿಸಿ ಅರೆದ ಸೋಯಾ ಕಾಳಿಗೆ ಉಪ್ಪು ಬೆರೆಸಿ ತಿಂಗಳುಗಟ್ಟಲೆ ಮಾಗಿಸಿದ ಕಂದು ಮುದ್ದೆ ಅದು. ಲೀಕ್, ಅಂದರೆ ದಪ್ಪ ದಂಟಿನ ಈರುಳ್ಳಿ ಗಿಡವನ್ನು ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಬಾಡಿಸಬೇಕಂತೆ. ಮಿಸೋ, ಸ್ವಲ್ಪ ಸಕ್ಕರೆ ಹಾಕಿ ಕೈ ಬಿಡದೆ ಮಗುಚಬೇಕಂತೆ. ಬಿಸಿ ಅನ್ನದ ಮೇಲೆ ಒಂದು ಚಮಚ ಇದ್ದರೆ ಬೇರೇನೂ ಬೇಡವಂತೆ. ಹೇಳುತ್ತಾ ಹೇಳುತ್ತಾ ಮನುಷ್ಯ ಊರಿಗೇ ಹೋಗಿಬಿಟ್ಟ.

ಅವನ ಫ್ರಿಜ್ ಕೆಟ್ಟಿತ್ತು. ಹಾಗಾಗಿ ಡಬ್ಬಿ ನಮ್ಮ ಫ್ರಿಜ್‌ಗೆ ಬಂತು. ಮುಟ್ಟಬೇಡ ಎಂದು ಅವನು ಹೇಳಿರಲಿಲ್ಲ. (ಹೇಳಿದ್ದರೂ ನಾನು ಕೇಳುವವನೇ?)

ಶುಕ್ರವಾರ ಬೆಳಿಗ್ಗೆ ಬೆರಳು ಅದ್ದಿ ನೆಕ್ಕಿದೆ. ಅಬ್ಬಾ, ಉಪ್ಪೋ ಉಪ್ಪು! ನಮ್ಮ ಕಡೆ ಹಲಸಿನ ಸೊಳೆಯನ್ನು ಭರಣಿಯಲ್ಲಿ ಉಪ್ಪಿಗೆ ಹಾಕಿಡುತ್ತಾರಲ್ಲ, ಅದನ್ನು ಹಾಗೇ ಯಾರಾದರೂ ತಿನ್ನುತ್ತಾರೆಯೇ? ನೀರಿನಲ್ಲಿ ನೆನೆಸಿ, ಉಪ್ಪು ಬಿಡಿಸಿ, ಹಿಂಡಿ ತಾನೇ ಪಲ್ಯ ಮಾಡುವುದು? ಪಾಪ ಮೊರಿ, ಅವನಿಗೆ ಇದೆಲ್ಲ ಎಲ್ಲಿ ಗೊತ್ತಿರಬೇಕು ಎಂದುಕೊಂಡು ಇಡೀ ಡಬ್ಬಿಯನ್ನು ಪಾತ್ರೆಗೆ ಸುರಿದೆ. ನೀರು ಹೊಯ್ದು ಕಿವುಚಿದೆ. ಕಂದು ನೀರು ಬಂತು, ಚೆಲ್ಲಿದೆ. ಮತ್ತೆ ಹೊಯ್ದೆ, ಮತ್ತೆ ಕಂದು. ಎಷ್ಟು ಕೊಳೆ ಮಾರಾಯ್ರೇ ಇದರಲ್ಲಿ ಎಂದು ಬೈದುಕೊಳ್ಳುತ್ತಾ ನೀರು ತಿಳಿಯಾಗುವವರೆಗೂ ತೊಳೆದೆ. ತಳದಲ್ಲಿ ಒಂದು ಹಿಡಿ ಚರಟ ಉಳಿಯಿತು.

ನನ್ನ ರೂಂಮೇಟ್, ಉಡುಪಿಯ ಕ್ರೇನ್ ಆಪರೇಟರ್ ವಾಸು, ಪಾತ್ರೆಗೆ ಇಣುಕಿ ನೋಡಿದ.

"ಸೋಪು ಒಂದು ಹಾಕ್ಲಿಲ್ಲ ಅಲ್ವಾ ಮಾರಾಯ?"

ಆಗಲೂ ನನಗೆ ಬುದ್ಧಿ ಬರಲಿಲ್ಲ.

ಮಧ್ಯಾಹ್ನ ಮೊರಿ ಇಸ್ತ್ರಿ ಹಾಕಿದ ಬಿಳಿ ಶರ್ಟಿನಲ್ಲಿ, ಲೀಕ್ ಕಟ್ಟು ಹಿಡಿದು ಬಂದ. ಉಪ್ಪೆಲ್ಲ ತೆಗೆದಿಟ್ಟಿದ್ದೇನೆ ಎಂದೆ, ದೊಡ್ಡ ಉಪಕಾರ ಮಾಡಿದವನ ಗತ್ತಿನಲ್ಲಿ. ಅವನು ಪಾತ್ರೆ ನೋಡಿದ. ಉಳಿದದ್ದು ಎಲ್ಲಿ ಎಂದು ಕೇಳಿದ. ನಾನು ಸಿಂಕ್ ತೋರಿಸಿದೆ.

ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಲೀಕ್ ಹೆಚ್ಚಿದ, ಬಾಡಿಸಿದ, ಆ ಚರಟವನ್ನೇ ಹಾಕಿದ, ಸಕ್ಕರೆ ಹಾಕಿದ. ಕೊನೆಗೆ ನಮ್ಮ ಡಬ್ಬದಿಂದ ಉಪ್ಪು ತೆಗೆದು ಸುರಿದ. ನಾನು ಚೆಲ್ಲಿದ್ದು ಕೊಳೆಯನ್ನಲ್ಲ, ಮಿಸೋವನ್ನೇ ಎಂದು ಆಗ ನನಗೆ ಅರ್ಥವಾಯಿತು.

ಇನ್ನೊಬ್ಬರ ಅಡುಗೆಗೆ ಕೈ ಹಾಕುವ ಮೊದಲು ಕೇಳಿ ತಿಳಿಯಬೇಕು ಎಂದು ಇದೇ ಅಂಕಣದಲ್ಲಿ ಮೊನ್ನೆ ಮೊನ್ನೆ ಉಪದೇಶ ಬರೆದವನು ಯಾರು? ನಾನೇ. (ಸಾಂಬಾರಿಗೆ ಟೊಮೆಟೊ ಸಾಸ್ ಸುರಿದ ನಮ್ಮ ಮೆಸ್ಸಿನ ಅಡುಗೆಯವನ ಮಾನ ಹರಾಜು ಹಾಕಿದ್ದೆ, ನೆನಪಿದೆಯಾ?) ನಮ್ಮ ಭರಣಿಯದ್ದು ರುಚಿ, ಬೇರೆಯವರ ಡಬ್ಬಿಯದ್ದು ಕೊಳೆ. ಹೀಗೆ ನಮಗೆ ಕಲಿಸಿದವರು ಯಾರು?

ಮೂವರೂ ಅದನ್ನೇ ಅನ್ನಕ್ಕೆ ಕಲಸಿ ಉಂಡೆವು. ನಂತರ ಮೊರಿ ಅಮ್ಮನಿಗೆ ಫೋನ್ ಮಾಡಬೇಕೆಂದು ಕ್ಯಾಂಪ್ ಆಫೀಸಿಗೆ ಹೊರಟ, ನನ್ನನ್ನೂ ಕರೆದ. ಅವನ ಅಮ್ಮನ ಜೊತೆ ನಾನೇನು ಮಾತಾಡಲಿ ಎಂದೆ.

"ಡಬ್ಬಿ ಕಳಿಸಿದ್ದು ನನಗಲ್ಲ, ನಿನಗೆ," ಎಂದ ಮೊರಿ. "ಪ್ರತಿ ಶುಕ್ರವಾರ ನನಗೆ ಊಟ ಹಾಕ್ತೀಯಲ್ಲ, ಅದಕ್ಕೆ."

ದಾರಿಯಲ್ಲಿ ಒಂದೇ ಒಂದು ಜಪಾನಿ ಪದ ಕಲಿಸಿದ: ಓಯ್ಶಿ. ರುಚಿಯಾಗಿದೆ ಎಂದರ್ಥ. ಫೋನ್ ನನ್ನ ಕೈಗೆ ಬಂತು. ಹೇಗೋ "ಓಯ್ಶಿ" ಎಂದೆ. ಆ ಕಡೆ ಮುದುಕಿ ಮಗುವಿನಂತೆ ನಕ್ಕಳು. ಏನೇನೋ ಹೇಳಿದಳು. ಮೊರಿ ಫೋನ್ ಇಟ್ಟು ನನ್ನ ಕಡೆ ತಿರುಗಿದ.

"ಅಮ್ಮನಿಗೆ ತುಂಬಾ ಖುಷಿ. ಮುಂದಿನ ಸಲ ಎರಡು ಡಬ್ಬಿ ಕಳಿಸ್ತಾಳಂತೆ."

ಅವು ಬಂದ ದಿನ ಯಾವ ಮುಖ ಇಟ್ಟುಕೊಂಡು ಮುಚ್ಚಳ ತೆಗೆಯಲಿ, ನೀವೇ ಹೇಳಿ?