ಹದ ಮಾಡಿದ ನೀರು

ನಮ್ಮ ಮನೆ ಕೆ.ಆರ್. ಪುರದಲ್ಲಿ, ಗಂಡನ ಮನೆತನದವರು ಹಿಂದೆ ಭತ್ತ ಬೆಳೆಯುತ್ತಿದ್ದ ಜಾಗದಲ್ಲಿದೆ. ಕೆರೆಯ ಕೆಳಗಿನ ಗದ್ದೆಯನ್ನು ಸೈಟು ಎಂದು ಕರೆದ ಮಾತ್ರಕ್ಕೆ ನೀರಿಗೆ ದಾರಿ ಮರೆತುಹೋಗುತ್ತದೆಯೇ? ಆ ಮಳೆಗಾಲ ಅದು ನೇರ ಹಾಲಿಗೇ ಬಂತು. ನಾನು ಸೋಫಾ ಹತ್ತಿ ಕಿರುಚುತ್ತಿದ್ದರೆ, ಅತ್ತೆ ಸೀರೆ ಎತ್ತಿಕಟ್ಟಿ, ನೆಂಟರು ಬಂದಂತೆ ನೀರನ್ನು ನೋಡುತ್ತಿದ್ದರು.

"ನಮ್ಮ ಕೆರೆ ನೀರು ಕಣೇ. ಎರಡು ದಿನ ಇದ್ದು ಹೋಗುತ್ತೆ ಬಿಡು."

ಹೋಯಿತು, ನಿಜ. ಹೋಗುವಾಗ ನನ್ನ ಒಂದು ಚಪ್ಪಲಿ ತೆಗೆದುಕೊಂಡು, ಬೀದಿಯ ಮೋರಿ ನೀರನ್ನೆಲ್ಲ ನಮ್ಮ ಸಂಪಿಗೆ ತುಂಬಿಟ್ಟು ಹೋಯಿತು. ನೆಲದಡಿಯ ಆ ತೊಟ್ಟಿಯ ನೀರೇ ನಮಗೂ, ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ಯಾದಗಿರಿ ಕಡೆಯ ಗಂಡಹೆಂಡತಿಗೂ, ಅವರ ಪುಟ್ಟ ಮಗಳಿಗೂ ಗತಿ. ರಸ್ತೆ ಒಣಗುವ ತನಕ ಬರುವುದಿಲ್ಲ ಎಂದು ಟ್ಯಾಂಕರಿನವನು ಕೈಯೆತ್ತಿದ್ದ.

ಆರೋಗ್ಯ ಕೇಂದ್ರದ ನರ್ಸು ಗೇಟಿನಿಂದಲೇ ಕೂಗಿದರು: "ನೀರು ಚೆನ್ನಾಗಿ ಕುದಿಸಿ ಕುಡೀರಿ!"

ಅತ್ತೆಗೆ ಎಲ್ಲಿಲ್ಲದ ಉತ್ಸಾಹ ಬಂತು. ಸ್ನಾನದ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಹಿತ್ತಲ ಒಲೆಗೆ ಏರಿಸಿದರು. ಮಹಡಿಯವಳಿಗೂ ದಿನಾ ಒಂದು ಕೊಡ ತಾವೇ ತುಂಬಿಕೊಟ್ಟರು.

ಆದರೂ ಎಲ್ಲರಿಗೂ ಭೇದಿ ಶುರುವಾಯಿತು. ನನ್ನ ಗಂಡ ಆಫೀಸಿನ ಮೀಟಿಂಗನ್ನು ಬಚ್ಚಲಿನಲ್ಲೇ ಮುಗಿಸಿದರು. ಮಧ್ಯೆ ಮಧ್ಯೆ ದನಿ ನಿಲ್ಲುತ್ತಿದ್ದುದಕ್ಕೆ ನೆಟ್‌ವರ್ಕನ್ನು ಬೈದರು. ಕಾಯಿಲೆಯ ಹೆಸರು ಹೇಳಲು ನಾಚುವ ಅತ್ತೆ "ನನಗೂ ಅದು" ಎಂದಷ್ಟೇ ಹೇಳಿ, ಮಗ ಶಿವಾಜಿನಗರದಲ್ಲಿ ತಿಂದುಬಂದ ಕಬಾಬಿನ ಮೇಲೆ ತಪ್ಪು ಹೊರಿಸಿದರು. ಒಬ್ಬ ತಿಂದದ್ದು ಎಲ್ಲರ ಹೊಟ್ಟೆಗೂ ಹೇಗೆ ಹೋಯಿತು ಎಂದು ನಾನು ಕೇಳಲಿಲ್ಲ. ಕೇಳಲು ಬಿಡುವಿರಲಿಲ್ಲ.

ಅಷ್ಟರಲ್ಲಿ ಮಹಡಿಯವಳು ಮಗುವನ್ನು ಎತ್ತಿಕೊಂಡು ಓಡಿಬಂದಳು. "ಅಕ್ಕಾರ, ಕೂಸು ಕಣ್ಣ ತೆರೀವಲ್ದು ನೋಡ್ರಿ!"

ಮಗುವಿನ ತುಟಿ ಒಣಗಿತ್ತು. ಅಳುವುದಕ್ಕೂ ಅದಕ್ಕೆ ತ್ರಾಣವಿರಲಿಲ್ಲ. ಆಟೋ ಹಿಡಿದು ಆಸ್ಪತ್ರೆಗೆ ಹೋದೆವು. ಡ್ರಿಪ್ ಹಾಕಿದ ಡಾಕ್ಟರು, "ನೀರು ಕುದಿಸ್ತಿದ್ದೀರಾ?" ಎಂದು ಕೇಳಿದರು.

"ಹಂಡೆಗಟ್ಟಲೆ ಕುದಿಸ್ತಿದ್ದೀವಿ ಡಾಕ್ಟ್ರೇ."

ಅವರು ಹುಬ್ಬು ಗಂಟಿಕ್ಕಿದರು. ಮಗುವಿನ ವಿಷಯ ಇವತ್ತು ಏನೂ ಹೇಳಲಾಗುವುದಿಲ್ಲ ಎಂದರು.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಒಯ್ಯಲು ಫ್ಲಾಸ್ಕ್ ಹಿಡಿದು ಹಿತ್ತಲಿಗೆ ಹೋದೆ. ಅತ್ತೆ ಎಂದಿನಂತೆ ಮಹಡಿಯವರ ಕೊಡಕ್ಕೆ ಕುದಿಯುವ ನೀರು ತೋಡಿದರು. ಆಮೇಲೆ ಪಕ್ಕದ ಬಕೆಟ್ಟಿನಿಂದ ಎರಡು ಚೊಂಬು ಸಂಪಿನ ನೀರು ಸುರಿದರು.

"ಅತ್ತೆ! ಏನ್ ಮಾಡ್ತಿದ್ದೀರಾ?"

"ಹದ ಮಾಡ್ತಿದ್ದೀನಿ. ಕೊತಕೊತ ಅನ್ನೋ ನೀರು ಹಂಗೇ ಕೊಟ್ರೆ ಮಗು ಬಾಯಿ ಸುಟ್ಟೋಗಲ್ವೇನೇ?"

ಹಂಡೆಯ ನೀರಿಗೆ ತಣ್ಣೀರು ಬೆರೆಸದೆ ಅವರು ಜನ್ಮದಲ್ಲಿ ಯಾರಿಗೂ ಕೊಟ್ಟವರಲ್ಲ. ನರ್ಸು ಕುದಿಸಿ ಎಂದಿದ್ದರೇ ಹೊರತು ಬೆರೆಸಬೇಡಿ ಎಂದಿರಲಿಲ್ಲ. ಕುದಿಸದ ಸಂಪಿನ ನೀರು ಬೆರೆತರೆ ಕುದಿಸಿದ್ದೆಲ್ಲ ದಂಡ ಎಂದು ನಾನು ಬಿಡಿಸಿ ಹೇಳಿದೆ. ಅತ್ತೆ ಚೊಂಬು ಕೆಳಗಿಟ್ಟು, ಒಗೆಯುವ ಕಲ್ಲಿನ ಮೇಲೆ ಕೂತರು.

"ಹಂಗಾದ್ರೆ ಮಗೂಗೆ ನಾನೇನಾ ಮಾಡಿದ್ದು?"

ಮಗು ಉಳಿಯಿತು. ಮನೆಗೆ ಬಂದ ದಿನ ಅತ್ತೆ ನೀರು ಕುದಿಸಿ, ಬಟ್ಟೆ ಮುಚ್ಚಿ, ಆರುವವರೆಗೂ ಪಕ್ಕದಲ್ಲೇ ಕಾವಲು ಕೂತರು. ನೊಣ ಬಂದರೂ ನನ್ನನ್ನೇ ಗದರಿದರು. ಆಮೇಲೆ ಮಂಡಿನೋವಿನಲ್ಲೇ ಕೊಡ ಹಿಡಿದು ಮಹಡಿ ಹತ್ತಿದರು. ನಾನು ಹಿಂದೆಯೇ ಹೋದೆ.

"ನಾನೇ ಕಣಮ್ಮ ತಣ್ಣೀರು ಬೆರೆಸಿ ಕೊಟ್ಟಿದ್ದು," ಎಂದರು.

ಮಹಡಿಯವಳು ಮಗುವನ್ನು ಸೊಂಟಕ್ಕೆ ಏರಿಸಿಕೊಂಡಳು. "ನೀವೊಬ್ರೇ ಏನ್ರಿ ಅಮ್ಮಾರ? ಮ್ಯಾಲ ತಂದ್ರೂ ಸುಡತಿತ್ರಿ. ನಾನೂ ನಳದ ನೀರು ಒಂದು ತಂಬಗಿ ಹಾಕತಿದ್ದೆ."

ನಿಜವಾಗಿ ಹಾಕುತ್ತಿದ್ದಳೋ, ಅತ್ತೆಗಾಗಿ ಹಾಗೆಂದಳೋ ನನಗೆ ಇಂದಿಗೂ ಗೊತ್ತಿಲ್ಲ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ನಾನು ಓದಿಲ್ಲದೋಳು, ನಿಂಗಾದ್ರೂ ಬುದ್ಧಿ ಬೇಡ್ವೇನೇ?" ಎಂದು ಬೈಯುತ್ತಲೇ ಮಗುವನ್ನು ಅವಳ ಸೊಂಟದಿಂದ ಎತ್ತಿಕೊಂಡರು.