ಗಾಡಿಗೆ ತಕ್ಕ ಹಣ್ಣು

ನನ್ನ ಹೊಸ ಕಾರಿನ ಚಕ್ರದಡಿ ಒಡೆದ ನಿಂಬೆಹಣ್ಣಿನ ವಾಸನೆಗೆ ಕುಣಿಗಲ್ಲಿನ ಒಂದು ಆಯುಧಪೂಜೆ ನೆನಪಾಯಿತು.

ಅಪ್ಪ ರಸ್ತೆ ರೋಲರ್ ಓಡಿಸುತ್ತಿದ್ದರು. ಪೂಜೆಯ ದಿನ ಅದರ ಪಕ್ಕದಲ್ಲೇ ನನ್ನ ಆಟಿಕೆ ಸೆಟ್ಟನ್ನೂ ಸಾಲಾಗಿ ನಿಲ್ಲಿಸಿದ್ದೆ: ಕ್ರೇನು, ಟಿಪ್ಪರು, ಬೆರಳುದ್ದದ ಹಳದಿ ರೋಲರು. ಅಪ್ಪನ ರೋಲರ್ ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿತು. ನನ್ನದು ನಿಂಬೆಹಣ್ಣಿಗೆ ಡಿಕ್ಕಿ ಹೊಡೆದು ತಾನೇ ಮಗುಚಿಕೊಂಡಿತು. ಎಲ್ಲರೂ ನಕ್ಕರು, ನಾನು ಅತ್ತೆ.

ಅಪ್ಪ ಮಾತ್ರ ನಗಲಿಲ್ಲ. "ಗಾಡಿಗೆ ತಕ್ಕ ಹಣ್ಣು ಇಡ್ಬೇಕು ಕಣೇ," ಎನ್ನುತ್ತ ಬೇಲಿಯಿಂದ ಬಟಾಣಿಗಿಂತ ಚಿಕ್ಕ ಕಪ್ಪು ಗಣಿಕೆ ಹಣ್ಣು ಕಿತ್ತು ತಂದು, ಮಂಡಿಯೂರಿ ಒಂದೊಂದು ಚಕ್ರಕ್ಕೂ ಇಟ್ಟರು. "ಈಗ ಬುಡು ಗಾಡಿನ!"

ತಳ್ಳಿದೆ. ಹಣ್ಣುಗಳು ಪಟಪಟನೆ ಒಡೆದವು. ದೊಡ್ಡ ರೋಲರಿಗೆ ಇಟ್ಟ ಕುಂಕುಮವನ್ನೇ ಅಪ್ಪ ಇದಕ್ಕೂ ಇಟ್ಟರು.

ಇವತ್ತು ಕಾರಿಗೆ ಆರತಿಯಾದ ಮೇಲೆ ಅಪ್ಪ ಮುಷ್ಟಿ ಬಿಚ್ಚಿದರು. ಒಳಗೆ ಗಣಿಕೆ ಹಣ್ಣು.

"ಇದಾಯ್ತಲ್ಲ, ನಿನ್ ಮೊದಲ್ನೇ ಗಾಡಿ ಎಲ್ಲೈತಮ್ಮ?"